ಗಡಿಕೋಟೆಯ ಸೈನಿಕನ ದಿನಚರಿ: ವಿಂಡೊಲಾಂಡಾದ ಮರದ ಹಲಗೆಗಳಲ್ಲಿ ಏನಿದೆ?

ಚರಿತ್ರೆ ಓದುಗ (ಚರ್ಚೆಯ ಆರಂಭ)

ಎಲ್ಲರಿಗೂ ನಮಸ್ಕಾರ. ಪ್ರೌಢಶಾಲೆಯಲ್ಲಿ ರೋಮನ್ ಸಾಮ್ರಾಜ್ಯದ ಪಾಠ ಮಾಡುವಾಗ ಮಕ್ಕಳಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುವ ಪ್ರಶ್ನೆಯೊಂದಿದೆ: ಯುದ್ಧವಿಲ್ಲದ ದಿನಗಳಲ್ಲಿ ಆ ಸೈನಿಕರು ಏನು ಮಾಡುತ್ತಿದ್ದರು? ಪಾಠದಲ್ಲಿ ದಂಡಯಾತ್ರೆಗಳಿವೆ, ಸಾಮ್ರಾಟರ ಹೆಸರುಗಳಿವೆ, ಉತ್ತರ ಬ್ರಿಟನ್ನಿನ ಗಡಿಗೋಡೆಯ ಚಿತ್ರವೂ ಇದೆ. ಆದರೆ ಅಂತಹ ಗಡಿಯಲ್ಲಿ ಇಪ್ಪತ್ತೈದು ವರ್ಷ ಸೇವೆ ಸಲ್ಲಿಸಿದ ಸಾಮಾನ್ಯ ಸೈನಿಕನೊಬ್ಬ ಬೆಳಿಗ್ಗೆ ಎದ್ದು ಯಾವ ಕೆಲಸಕ್ಕೆ ಹೋದ, ಏನು ಉಂಡ, ಯಾರಿಗೆ ವರದಿ ಒಪ್ಪಿಸಿದ ಎಂಬುದರ ಸುಳಿವಿಲ್ಲ. ಇಂಗ್ಲೆಂಡಿನ ವಿಂಡೊಲಾಂಡಾ ಕೋಟೆಯಲ್ಲಿ ಸಿಕ್ಕ ಮರದ ಹಲಗೆಗಳಲ್ಲಿ ಇಂತಹ ವಿವರಗಳು ಹೇರಳವಾಗಿವೆ ಎಂದು ಕೇಳಿದ್ದೇನೆ. ಗಂಟೆಗಂಟೆಗೂ ಏನು ನಡೆಯಿತೆಂದು ಕಲ್ಪಿಸಿ ಬರೆದ ವೇಳಾಪಟ್ಟಿಗಳು ಬೇಕಾದಷ್ಟು ಸಿಗುತ್ತವೆ, ಅವು ಬೇಡ. ಆಧಾರವಿರುವುದನ್ನು ಮಾತ್ರ ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ಶಾಸನಾಸಕ್ತೆ

ಒಳ್ಳೆಯ ಪ್ರಶ್ನೆ ಸರ್. ಮೊದಲು ಕಾಲವನ್ನು ಸ್ಪಷ್ಟಪಡಿಸಿಕೊಳ್ಳೋಣ. ನೀವು ಹೇಳಿದ ಆ ಗಡಿಗೋಡೆಯ, ಅಂದರೆ ಹೇಡ್ರಿಯನ್ ಗೋಡೆಯ, ಕೆಲಸ ಆರಂಭವಾದದ್ದು ಕ್ರಿ.ಶ. 122ರಲ್ಲಿ. ವಿಂಡೊಲಾಂಡಾದ ಮೊದಲ ಮರದ ಕೋಟೆ ಎದ್ದದ್ದು ಸುಮಾರು 85ರಲ್ಲಿ, ಅಂದರೆ ಗೋಡೆಗಿಂತ ಒಂದು ತಲೆಮಾರು ಮುಂಚೆ. ಹಲಗೆಗಳಲ್ಲಿ ಹೆಚ್ಚಿನವು ಆ ಕಾಲದವು. ಆಗ ಗಡಿ ಎಂದರೆ ಸ್ಟೇನ್‌ಗೇಟ್ ಎಂಬ ಹೆದ್ದಾರಿ ಮತ್ತು ಅದರುದ್ದಕ್ಕೂ ಇದ್ದ ಕೋಟೆಗಳ ಸಾಲು, ಅಷ್ಟೇ. ಅಲ್ಲಿದ್ದ ಸೈನಿಕರು ಇಟಲಿಯವರೂ ಅಲ್ಲ. ಇಂದಿನ ಬೆಲ್ಜಿಯಂ ಕಡೆಯ ತುಂಗ್ರಿಯನ್ನರು ಮತ್ತು ರೈನ್ ನದಿಯ ಮುಖಜಭೂಮಿಯ ಬಟಾವಿಯನ್ನರು ಸಹಾಯಕ ಪಡೆಗಳಾಗಿ ಅಲ್ಲಿ ನೆಲೆಸಿದ್ದರು.

1973ರಲ್ಲಿ ರಾಬಿನ್ ಬರ್ಲಿ ಅವರ ಉತ್ಖನನದಲ್ಲಿ ಮೊದಲ ಹಲಗೆಗಳು ಸಿಕ್ಕವು. ಅವು ಬರ್ಚ್, ಆಲ್ಡರ್ ಮರಗಳಿಂದ ತೆಳ್ಳಗೆ ಸೀಳಿದ ಹಾಳೆಗಳು. ಅಂಚೆ ಕಾರ್ಡಿನಷ್ಟು ಅಗಲ, ದಪ್ಪ ಒಂದರಿಂದ ಮೂರು ಮಿಲಿಮೀಟರ್, ಮೇಲೆ ಮಸಿಯ ಬರಹ. ಹಳೆಯ ಕೋಟೆಯನ್ನು ಕೆಡವಿ ಹೊಸದನ್ನು ಕಟ್ಟುವಾಗಲೆಲ್ಲ ಸೈನಿಕರು ಕೆಳಗಿನ ಪದರದ ಮೇಲೆ ಜೇಡಿಮಣ್ಣು ಮತ್ತು ಹುಲ್ಲುಹೆಂಟೆಗಳನ್ನು ಹಾಸಿದ್ದರಿಂದ ಅಲ್ಲಿಗೆ ಗಾಳಿಯಾಡಲಿಲ್ಲ, ಮರ ಕೊಳೆಯಲಿಲ್ಲ. ಬರಿಗಣ್ಣಿಗೆ ಕಾಣದಷ್ಟು ಮಾಸಿದ ಅಕ್ಷರಗಳನ್ನು ಅತಿಗೆಂಪು ಛಾಯಾಚಿತ್ರಗಳ ನೆರವಿನಿಂದ ಓದಿದವರು ಅಲನ್ ಬೌಮನ್ ಮತ್ತು ಡೇವಿಡ್ ಥಾಮಸ್.

ನಿಮ್ಮ ಪ್ರಶ್ನೆಗೆ ನೇರವಾಗಿ ಉತ್ತರಿಸುವ ಹಲಗೆಯೊಂದಿದೆ. ಅದು ಒಂದನೆಯ ತುಂಗ್ರಿಯನ್ ಪಡೆಯ ಬಲಾಬಲ ಪಟ್ಟಿ. ದಿನಾಂಕ ಮೇ 18, ಪಡೆಯ ಅಧಿಪತಿ ಯೂಲಿಯಸ್ ವೆರೆಕುಂಡಸ್. ಒಟ್ಟು ಸಂಖ್ಯೆ 752, ಅದರಲ್ಲಿ ಸೆಂಚೂರಿಯನ್ನರು, ಅಂದರೆ ಶತಪತಿಗಳು, 6. ಕೋಟೆಯ ಹೊರಗಿರುವವರು 456, ಶತಪತಿಗಳು 5. ಇವರಲ್ಲಿ 46 ಮಂದಿ ಪ್ರಾಂತ್ಯದ ರಾಜ್ಯಪಾಲರ ಅಂಗರಕ್ಷಕ ದಳಕ್ಕೆ ಹೋಗಿದ್ದಾರೆ, 337 ಮಂದಿ ಇಂದಿನ ಕಾರ್‌ಬ್ರಿಜ್ ಆಗಿರುವ ಕೋರಿಯಾದಲ್ಲಿದ್ದಾರೆ, ಉಳಿದವರು ಸಣ್ಣ ಸಣ್ಣ ತಂಡಗಳಾಗಿ ಬೇರೆ ಬೇರೆ ಕಡೆ ಹಂಚಿಹೋಗಿದ್ದಾರೆ. ಕೋಟೆಯೊಳಗೆ ಉಳಿದವರು 296, ಅವರ ಮೇಲೆ ಒಬ್ಬನೇ ಶತಪತಿ. ಆ 296ರಲ್ಲಿ ಕಾಯಿಲೆಯವರು 15, ಗಾಯಾಳುಗಳು 6, ಕಣ್ಣುಬೇನೆಯವರು 10. ಒಟ್ಟು 31 ಮಂದಿಯನ್ನು ಕಳೆದರೆ ಕರ್ತವ್ಯಕ್ಕೆ ಸಿದ್ಧರಿರುವವರು 265.

ಈ ಲೆಕ್ಕವನ್ನು ಮಕ್ಕಳ ಮುಂದೆ ಹಾಗೆಯೇ ಇಡಿ. ಗಡಿಕೋಟೆ ಎಂದರೆ ಇಡೀ ಪಡೆ ಬುರುಜಿನ ಮೇಲೆ ಸಾಲಾಗಿ ನಿಂತು ಶತ್ರುವನ್ನು ಕಾಯುವ ಜಾಗವೆಂಬ ಚಿತ್ರ ಅಲ್ಲಿಗೇ ಕರಗುತ್ತದೆ. ಆ ಮೇ ತಿಂಗಳ ಬೆಳಿಗ್ಗೆ ಪಡೆಯ ಅರ್ಧಕ್ಕಿಂತ ಹೆಚ್ಚು ಮಂದಿ ಕೋಟೆಯಲ್ಲೇ ಇರಲಿಲ್ಲ.

ನಿವೃತ್ತ ಹವಾಲ್ದಾರ್, ಕೊಡಗು

ಮೇಡಂ, ಆ ಪಟ್ಟಿಯನ್ನು ಓದಿ ನನಗೆ ರೋಮಾಂಚನವಾಯಿತು. ನಾನು ಪಲ್ಟನ್ನಿನಲ್ಲಿ ಕ್ಲರ್ಕ್ ಆಗಿದ್ದವನು. ಪ್ರತಿದಿನ ನಾವು ತಯಾರಿಸುತ್ತಿದ್ದ ‘ಪರೇಡ್ ಸ್ಟೇಟ್’ ಎಂಬ ಪಟ್ಟಿಯ ಕ್ರಮ ಇದೇ: ಒಟ್ಟು ನಫರಿ (ಸಿಬ್ಬಂದಿ) ಎಷ್ಟು, ರಜೆಯಲ್ಲಿ ಎಷ್ಟು, ಟಿ.ಡಿ. (ತಾತ್ಕಾಲಿಕ ಕರ್ತವ್ಯ) ಮೇಲೆ ಬೇರೆ ಕಡೆ ಎಷ್ಟು, ಕೋರ್ಸಿಗೆ ಹೋದವರು ಎಷ್ಟು, ಸಿಕ್ ರಿಪೋರ್ಟ್ ಎಷ್ಟು, ಗಾರ್ಡ್ ಮತ್ತು ಫೆಟೀಗ್ (ಮೈಮುರಿಯುವ ದುಡಿಮೆ) ಕಳೆದು ಕೊನೆಗೆ ಪರೇಡಿಗೆ ಸಿಗುವವರು ಎಷ್ಟು. ಕಾಗದದ ಮೇಲೆ ತುಂಬಿದ ಕಂಪನಿ ಮೈದಾನದಲ್ಲಿ ಕೈಬೆರಳೆಣಿಕೆಯಷ್ಟು ಕಾಣುತ್ತಿತ್ತು. ಹೊರಗಿನವರಿಗೆ ಇದು ಆಶ್ಚರ್ಯ. ಸೈನ್ಯದಲ್ಲಿದ್ದವರಿಗೆ ಶಾಂತಿಕಾಲದ ಪ್ರತಿದಿನವೂ ಹೀಗೆಯೇ.

ನನ್ನದೊಂದು ಪ್ರಶ್ನೆ. ಐವರು ಶತಪತಿಗಳು ಹೊರಗಿದ್ದು, ಸುಮಾರು ಮುನ್ನೂರು ಮಂದಿಯ ಮೇಲೆ ಒಬ್ಬನೇ ಶತಪತಿ ಉಳಿದರೆ ದಿನದ ಹಾಜರಿಯನ್ನು ಯಾರು ತೆಗೆದುಕೊಳ್ಳುತ್ತಿದ್ದರು? ನಮ್ಮಲ್ಲಿ ಆ ಭಾರ ಹೊರುವವರು ನಾಯಕ್ ಮತ್ತು ಹವಾಲ್ದಾರರೇ.

ಶಾಸನಾಸಕ್ತೆ

ಅಲ್ಲಿಯೂ ಅವರೇ ಸರ್. ಅದಕ್ಕೆ ಪ್ರತ್ಯಕ್ಷ ಸಾಕ್ಷಿಯಿದೆ. ಒಂಬತ್ತನೆಯ ಬಟಾವಿಯನ್ ಪಡೆಯ ವರದಿ ಹಲಗೆಗಳು ಹಲವಾರು ಸಿಕ್ಕಿದ್ದು, ಎಲ್ಲವೂ ಒಂದೇ ನಮೂನೆಯಲ್ಲಿವೆ. ಏಪ್ರಿಲ್ 15ರ ದಿನಾಂಕವಿರುವ ಹಲಗೆಯ ಒಕ್ಕಣೆಯ ಸಾರಾಂಶ ಇಷ್ಟು: ಇರಬೇಕಾದವರೆಲ್ಲರೂ ಇರಬೇಕಾದ ಸ್ಥಳಗಳಲ್ಲಿದ್ದಾರೆ, ಸಾಮಾನು ಸರಂಜಾಮುಗಳೂ ಸರಿಯಾಗಿವೆ, ವರದಿಯನ್ನು ಮಾಡಿದವರು ಆಪ್ಟಿಯೊಗಳು ಮತ್ತು ಕ್ಯುರೇಟರುಗಳು, ತಂದೊಪ್ಪಿಸಿದವನು ಶತಪತಿ ಕ್ರೆಸೆನ್ಸನ ತುಕಡಿಯ ಆಪ್ಟಿಯೊ ಆರ್ಕುಯಿಟ್ಟಿಯಸ್. ಆಪ್ಟಿಯೊ ಎಂದರೆ ಶತಪತಿಯ ಕೈಕೆಳಗಿನ ಸಹಾಯಕ, ಕ್ಯುರೇಟರ್ ಕೂಡ ಅಂತಹದೇ ಉಸ್ತುವಾರಿಯವನು. ದಿನವನ್ನು ನಡೆಸುತ್ತಿದ್ದವರು ಈ ಮಧ್ಯದ ಹಂತದವರು. ಶತಪತಿಗಳು ಎಷ್ಟೋ ಸಲ ದೂರದ ಊರುಗಳಲ್ಲಿ ಆಡಳಿತದ ಕೆಲಸ ನೋಡಿಕೊಳ್ಳುತ್ತಿದ್ದರು.

ಇನ್ನು ಕೆಲಸದ ಹಂಚಿಕೆ. ಏಪ್ರಿಲ್ 25ರ ಒಂದು ಹಲಗೆ ‘ಕಾರ್ಯಾಗಾರಗಳಲ್ಲಿ 343 ಮಂದಿ’ ಎಂದು ಆರಂಭವಾಗುತ್ತದೆ. ಅದರಲ್ಲಿ ಚಮ್ಮಾರಿಕೆಗೆ 12 ಮಂದಿ, ಸ್ನಾನಗೃಹ ಕಟ್ಟಲು 18 ಮಂದಿ. ಸೀಸದ ಕೆಲಸ, ಜೇಡಿಮಣ್ಣು ತರುವುದು, ಗೂಡು ಉರಿಸುವುದು, ಗಿಲಾವು ಬಳಿಯುವುದು ಹೀಗೆ ಪಟ್ಟಿ ಮುಂದುವರಿಯುತ್ತದೆ. ಮಾರ್ಚ್ 7ರ ಮತ್ತೊಂದು ಹಲಗೆಯ ಪ್ರಕಾರ ಮಾರ್ಕಸ್ ಎಂಬ ವೈದ್ಯ ಸಿಬ್ಬಂದಿಯ ಜೊತೆಗೆ ಮನೆಯೊಂದನ್ನು ಕಟ್ಟಲು 30 ಮಂದಿಯನ್ನು ಕಳುಹಿಸಲಾಗಿದೆ. ಕಲ್ಲು ಸುಡಲು ಕೆಲವರು, ತಟ್ಟಿಯ ಬೇಲಿಗೆ ಮೆತ್ತುವ ಜೇಡಿಮಣ್ಣು ತಯಾರಿಸಲು ಇನ್ನು ಕೆಲವರು ನೇಮಕವಾಗಿದ್ದಾರೆ. ಕತ್ತಿ ಹಿಡಿಯಲು ಸೇರಿದವನ ಕೈಯಲ್ಲಿ ದಿನದ ಬಹುಪಾಲು ಇರುತ್ತಿದ್ದುದು ಕರಣೆ, ಗುದ್ದಲಿ ಅಥವಾ ಚಮ್ಮಾರನ ಉಳಿ.

ಚರಿತ್ರೆ ಓದುಗ

ಬಹಳ ಉಪಕಾರವಾಯಿತು ಮೇಡಂ. ಹಾಗಾದರೆ ಕವಾಯತು, ಕಾವಲು, ರಾತ್ರಿ ಪಹರೆ ಇವುಗಳ ದಾಖಲೆಯಿಲ್ಲವೇ? ಒಬ್ಬನೇ ಸೈನಿಕ ದಿನದಿಂದ ದಿನಕ್ಕೆ ಯಾವ ಯಾವ ಕೆಲಸ ಮಾಡಿದನೆಂದು ತೋರಿಸುವ ಪಟ್ಟಿ ಎಲ್ಲಿಯಾದರೂ ಉಳಿದಿದೆಯೇ?

ಶಾಸನಾಸಕ್ತೆ

ಇದೆ, ಆದರೆ ಸಾಮ್ರಾಜ್ಯದ ಇನ್ನೊಂದು ತುದಿಯಲ್ಲಿ. ಈಜಿಪ್ಟಿನ ಪಪೈರಸ್ ಹಾಳೆಯೊಂದರಲ್ಲಿ ಮೂರನೆಯ ಸಿರೆನೈಕಾ ಲೀಜನ್ನಿನ 36 ಸೈನಿಕರಿಗೆ ಅಕ್ಟೋಬರ್ ತಿಂಗಳ ಮೊದಲ ಹತ್ತು ದಿನ ಹಂಚಿದ ಕೆಲಸಗಳ ಕೋಷ್ಟಕವಿದೆ. ಕಾಲ ಮೊದಲ ಶತಮಾನದ ಕೊನೆ. ಪ್ರತಿ ಸೈನಿಕನಿಗೂ ಒಂದು ಸಾಲು, ಪ್ರತಿ ದಿನಕ್ಕೂ ಒಂದು ಅಂಕಣ. ಒಂದು ದಿನ ಬಾಗಿಲ ಕಾವಲು, ಒಂದು ದಿನ ಶಸ್ತ್ರಾಗಾರ, ಮತ್ತೊಂದು ದಿನ ಸ್ನಾನಗೃಹ, ಬೂಟುಗಳ ಕೆಲಸ, ಶೌಚದ ಹೊಲಸು ತೆಗೆಯುವುದು, ಅಧಿಕಾರಿಯ ಬೆನ್ನ ಹಿಂದೆ ಬೆಂಗಾವಲಾಗಿ ನಡೆಯುವುದು.

ಪಹರೆಯ ವಿಷಯಕ್ಕೆ ಬಂದರೆ, ಯೂಫ್ರೆಟಿಸ್ ನದಿಯ ದಂಡೆಯ ದುರಾ ಯೂರೋಪೋಸ್ ಕೋಟೆಯಲ್ಲಿದ್ದ ಇಪ್ಪತ್ತನೆಯ ಪಾಲ್ಮೈರಾ ಪಡೆಯ ಬೆಳಗಿನ ವರದಿಗಳು ಉಳಿದಿವೆ. ಅವು ಮೂರನೆಯ ಶತಮಾನದವು. ಮೊದಲು ಪಡೆಯ ಒಟ್ಟು ಸಂಖ್ಯೆ, ಅದರಲ್ಲಿ ಕುದುರೆ ಸವಾರರು ಮತ್ತು ಒಂಟೆ ಸವಾರರು ಎಷ್ಟು ಎಂಬ ವಿಂಗಡಣೆ. ಬಳಿಕ ಆ ದಿನದ ಗುಪ್ತಪದ. ಅದು ಬಹುಮಟ್ಟಿಗೆ ಒಬ್ಬ ದೇವರ ಹೆಸರು. ಆಮೇಲೆ ‘ಆಜ್ಞೆಯಾದದ್ದನ್ನು ಮಾಡುತ್ತೇವೆ, ಪ್ರತಿ ಆದೇಶಕ್ಕೂ ಸಿದ್ಧರಿರುತ್ತೇವೆ’ ಎಂಬ ಪ್ರತಿಜ್ಞೆ. ಕೊನೆಯಲ್ಲಿ, ಪಡೆಯ ಧ್ವಜಗಳನ್ನಿಟ್ಟ ಗುಡಿಯ ಬಳಿ ಕಾವಲು ನಿಲ್ಲುವವರ ಹೆಸರುಗಳು. ಲಿಬಿಯಾದ ಮರುಭೂಮಿಯ ಬು ನ್ಜೆಮ್ ಕೋಟೆಯಲ್ಲಿ ಇದೇ ಬಗೆಯ ದಿನವಹಿ ಲೆಕ್ಕವನ್ನು ಮಡಕೆಯ ಚೂರುಗಳ ಮೇಲೆ ಬರೆದಿಟ್ಟಿದ್ದಾರೆ: ಕಾಯಿಲೆಯವರು, ಬಾಗಿಲಿನಲ್ಲಿ ನಿಂತವರು, ಸ್ನಾನಗೃಹದಲ್ಲಿರುವವರು.

ನ್ಯೂಕ್ಯಾಸಲ್ ಕನ್ನಡಿಗ

ಚರ್ಚೆಗೆ ತಡವಾಗಿ ಸೇರುತ್ತಿದ್ದೇನೆ, ಕ್ಷಮಿಸಿ. ಮೇಡಂ ಕೊಟ್ಟ ವಿವರಗಳ ಬಗ್ಗೆ ನನಗೆ ತುಂಬು ಗೌರವವಿದೆ. ಆದರೂ ಈಜಿಪ್ಟಿನ ಕೋಷ್ಟಕವನ್ನು ಉತ್ತರ ಇಂಗ್ಲೆಂಡಿನ ಕೋಟೆಗೆ ಅಂಟಿಸುವುದನ್ನು ನಾನು ಒಪ್ಪಲಾರೆ. ಅದು ಅಲೆಕ್ಸಾಂಡ್ರಿಯಾದಂತಹ ಮಹಾನಗರದ ಪಕ್ಕದಲ್ಲಿ ಬೀಡುಬಿಟ್ಟಿದ್ದ ಲೀಜನ್, ಅಂದರೆ ರೋಮನ್ ಪೌರರ ಪಡೆ. ಇಲ್ಲಿದ್ದವರು ಪೌರತ್ವವಿಲ್ಲದ ಸಹಾಯಕ ಸೈನಿಕರು, ಸುತ್ತ ಕಾಡು, ಜೌಗು, ಬೋಳುಗುಡ್ಡ. ಹಂಚಿಕೆಯ ಪದ್ಧತಿ ಒಂದೇ ಇದ್ದಿರಬಹುದು. ದಿನದ ಸ್ವರೂಪ ಒಂದೇ ಆಗಿರಲು ಸಾಧ್ಯವಿಲ್ಲ.

ನಾನು ಇರುವ ಊರಿನಿಂದ ವಿಂಡೊಲಾಂಡಾ ದೂರವಿಲ್ಲವಾದ್ದರಿಂದ ಮನೆಗೆ ಬಂದ ನೆಂಟರನ್ನೆಲ್ಲ ಅಲ್ಲಿಗೆ ಕರೆದೊಯ್ಯುತ್ತೇನೆ. ಜೂನ್ ತಿಂಗಳಲ್ಲಿಯೂ ಅಲ್ಲಿ ಪಶ್ಚಿಮದಿಂದ ಬೀಸುವ ಗಾಳಿಗೆ ಜಾಕೆಟ್ಟಿನ ಗುಂಡಿ ಹಾಕಿಕೊಳ್ಳಬೇಕು. ಚಳಿಗಾಲದಲ್ಲಿ ಮಧ್ಯಾಹ್ನ ನಾಲ್ಕಕ್ಕೆಲ್ಲ ಕತ್ತಲು, ಬೇಸಿಗೆಯಲ್ಲಿ ರಾತ್ರಿ ಹತ್ತಕ್ಕೂ ಬೆಳಕು. ಸೂರ್ಯನನ್ನು ನೋಡಿ ಕೆಲಸಕ್ಕಿಳಿಯುತ್ತಿದ್ದ ಕಾಲದಲ್ಲಿ ಡಿಸೆಂಬರಿನ ದಿನಚರಿಗೂ ಜೂನಿನ ದಿನಚರಿಗೂ ಅಜಗಜಾಂತರವಿತ್ತು. ಹಾಗಾಗಿ ವರ್ಷವಿಡೀ ಒಪ್ಪುವ ಒಂದೇ ವೇಳಾಪಟ್ಟಿಯನ್ನು ಈ ಕೋಟೆಗೆ ಬರೆಯುವುದೇ ತಪ್ಪೆಂದು ನನ್ನ ಅಭಿಪ್ರಾಯ.

ಹವೆಯ ಪ್ರಭಾವ ಹಲಗೆಗಳಲ್ಲಿಯೂ ಕಾಣುತ್ತದೆ. ಯಾರೋ ಒಬ್ಬರು ಕೋಟೆಯಲ್ಲಿದ್ದವನಿಗೆ ಕಾಲುಚೀಲಗಳನ್ನೂ ಎರಡು ಜೊತೆ ಚಪ್ಪಲಿಗಳನ್ನೂ ಎರಡು ಒಳಚಡ್ಡಿಗಳನ್ನೂ ಕಳುಹಿಸಿರುವ ಪತ್ರ ಈಗ ಜಗತ್ಪ್ರಸಿದ್ಧವಾಗಿದೆ. ಆಕ್ಟೇವಿಯಸ್ ಎಂಬಾತ ಕ್ಯಾಂಡಿಡಸನಿಗೆ ಬರೆದ ಪತ್ರದಲ್ಲಿ, ಧಾನ್ಯ ಖರೀದಿಗೆ ಮುಂಗಡ ಕೊಟ್ಟಾಗಿದೆ, ಕೂಡಲೇ 500 ದೆನಾರಿಯಸ್ (ರೋಮನ್ ಬೆಳ್ಳಿ ನಾಣ್ಯ) ಕಳುಹಿಸದಿದ್ದರೆ ಕೊಟ್ಟ ಹಣ ಮುಳುಗಿ ತನ್ನ ಮಾನ ಹೋಗುತ್ತದೆ ಎಂದು ಅಂಗಲಾಚುತ್ತಾನೆ. ಕ್ಯಾಟರಿಕ್‌ನಲ್ಲಿರುವ ತೊಗಲನ್ನು ತಾನೇ ಹೋಗಿ ತರಬಹುದಿತ್ತು, ಆದರೆ ದಾರಿ ಕೆಟ್ಟಿರುವಾಗ ಎತ್ತು ಕುದುರೆಗಳನ್ನು ಹಿಂಸಿಸಲು ಮನಸ್ಸಾಗಲಿಲ್ಲ ಎಂದೂ ಬರೆಯುತ್ತಾನೆ. ಈ ಒಂದು ವಾಕ್ಯದಿಂದ ಅಲ್ಲಿನ ಕೆಸರು ನನ್ನ ಕಣ್ಣಮುಂದೆ ಬರುತ್ತದೆ. ತೊಗಲು ಬಾರದಿದ್ದರೆ ಆ ಹನ್ನೆರಡು ಚಮ್ಮಾರರ ಕೈ ಖಾಲಿ. ಅವರ ಕೈ ಖಾಲಿಯಾದರೆ ಗಸ್ತಿಗೆ ಹೋಗುವವನ ಕಾಲು ಒದ್ದೆ.

ಪಾದರಕ್ಷೆಗಳು ಅಲ್ಲಿ ಎಷ್ಟು ಸವೆಯುತ್ತಿದ್ದವು ಎಂಬುದಕ್ಕೆ ವಸ್ತುಸಂಗ್ರಹಾಲಯವೇ ಸಾಕ್ಷಿ. ಆ ನೆಲದಿಂದ ಈವರೆಗೆ ಹೊರಬಂದಿರುವ ಚರ್ಮದ ಪಾದರಕ್ಷೆಗಳು 5,000ಕ್ಕೂ ಹೆಚ್ಚು. ಅಟ್ಟೆಗೆ ಸಾಲಾಗಿ ಬಡಿದ ಕಬ್ಬಿಣದ ಮೊಳೆಗಳು, ಹಿಮ್ಮಡಿ ಒಂದು ಪಕ್ಕಕ್ಕೆ ಸವೆದ ಗುರುತು ಎಲ್ಲವೂ ಗಾಜಿನ ಆಚೆ ಸ್ಪಷ್ಟವಾಗಿ ಕಾಣುತ್ತವೆ. 2017ರಲ್ಲಿ ಕುದುರೆ ಸವಾರರ ವಸತಿಯ ಪದರದಲ್ಲಿ ಸಿಕ್ಕ ಚರ್ಮದ ಮುಷ್ಟಿಕಾಳಗದ ಕೈಗವಸುಗಳನ್ನೂ ಅಲ್ಲಿ ನೋಡಬಹುದು. ಬಿಡುವಿನ ವೇಳೆಯ ಕುಸ್ತಿ, ಕಾಳಗ, ದಾಳದ ಆಟಗಳೂ ಅವರ ದಿನದ ಭಾಗವಾಗಿದ್ದವು.

ಶಾಸನಾಸಕ್ತೆ

ನಿಮ್ಮ ಆಕ್ಷೇಪ ನ್ಯಾಯವಾದದ್ದು. ಆ ಕೋಷ್ಟಕದಿಂದ ನಾನು ತೆಗೆದುಕೊಳ್ಳುವುದು ಇಷ್ಟನ್ನೇ: ಕೆಲಸಗಳು ಸರದಿಯಂತೆ ತಿರುಗುತ್ತಿದ್ದವು, ಮತ್ತು ಅದನ್ನು ಬರವಣಿಗೆಯಲ್ಲಿ ಇಡುವ ಅಭ್ಯಾಸ ಸಾಮ್ರಾಜ್ಯದ ಉದ್ದಗಲಕ್ಕೂ ಇತ್ತು. ವಿಂಡೊಲಾಂಡಾದ ದಿನಕ್ಕೆ ವಿಂಡೊಲಾಂಡಾದ ಹಲಗೆಗಳೇ ಪ್ರಮಾಣ.

ಅಡುಗೆ ಚರಿತ್ರೆ

ಊಟದ ಬಗ್ಗೆ ಇನ್ನೂ ಯಾರೂ ಬರೆಯದ ಕಾರಣ ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ರೋಮನ್ ಕೋಟೆಗಳಲ್ಲಿ ಇಡೀ ಪಡೆಗೆ ಒಂದೇ ಕಡೆ ಅಡುಗೆ ಮಾಡಿ ಬಡಿಸುವ ಭೋಜನಶಾಲೆ ಇರಲಿಲ್ಲ. ಸಾಮಾನ್ಯ ಸೈನಿಕರ ವಸತಿಯೆಂದರೆ ಎಂಟು ಮಂದಿಗೆ ಎರಡು ಕೋಣೆ. ಮುಂದಿನದರಲ್ಲಿ ಆಯುಧ, ಸಾಮಾನು. ಹಿಂದಿನದರಲ್ಲಿ ನಿದ್ರೆ, ಒಲೆ. ಆ ಎಂಟು ಮಂದಿಯೇ ಒಂದು ಪಂಕ್ತಿ. ಉಗ್ರಾಣದಿಂದ ಬರುತ್ತಿದ್ದುದು ಹಿಟ್ಟಲ್ಲ, ಧಾನ್ಯ. ಅದನ್ನು ಬೀಸುಕಲ್ಲಿನಲ್ಲಿ ಬೀಸಿ ರೊಟ್ಟಿಯನ್ನೋ ಗಂಜಿಯನ್ನೋ ಮಾಡಿಕೊಳ್ಳುವುದು ಅವರವರ ಹೊಣೆ. ಹಿಂದಿನ ಕಾಲದಲ್ಲಿ ನಮ್ಮ ಮನೆಗಳಲ್ಲಿ ನಸುಕಿಗೇ ಬೀಸುಕಲ್ಲಿನ ಮುಂದೆ ಕೂರುತ್ತಿದ್ದವರಿಗೆ ಎಂಟು ಗಂಡಾಳುಗಳ ಹಿಟ್ಟು ಬೀಸಲು ಎಷ್ಟು ಹೊತ್ತು ಬೇಕೆಂದು ಹೇಳಬೇಕಾಗಿಲ್ಲ. ದಿನಚರಿಯ ಪಟ್ಟಿ ಮಾಡುವವರು ಈ ಕೆಲಸವನ್ನು ಮರೆಯುವುದೇ ಹೆಚ್ಚು. ಯಾವ ವರದಿಯಲ್ಲಿಯೂ ಅದು ಕರ್ತವ್ಯವಾಗಿ ನಮೂದಾಗದಿದ್ದರೂ ಸೈನಿಕನ ಹೊತ್ತು ಅದರಲ್ಲಿ ಸಾಕಷ್ಟು ಕಳೆಯುತ್ತಿತ್ತು.

ಗೋಧಿ ಯಾರಿಗೆ ಎಷ್ಟು ಹೋಯಿತೆಂಬ ಲೆಕ್ಕದ ಹಲಗೆಯೊಂದಿದೆ. ಕಾಡಿನಲ್ಲಿರುವ ದನಗಾಹಿಗಳಿಗೆ ಇಷ್ಟು, ಹಂದಿಗಳನ್ನು ನೋಡಿಕೊಳ್ಳುವ ಲುಕ್ಕೊಗೆ ಇಷ್ಟು, ಗುಡಿಯ ಬಳಿಯ ಅಮಾಬಿಲಿಸ್‌ಗೆ ಇಷ್ಟು, ಹೊಸೆದ ಆಕಾರದ ರೊಟ್ಟಿಗಳಿಗೆ ಇಷ್ಟು ಎಂದು ಅದರಲ್ಲಿದೆ. ಇನ್ನೊಂದು ಖರೀದಿ ಪಟ್ಟಿಯಲ್ಲಿ 20 ಕೋಳಿ, ಒಳ್ಳೆಯವು ಸಿಕ್ಕರೆ 100 ಸೇಬು, ನ್ಯಾಯವಾದ ಬೆಲೆಗೆ ಸಿಕ್ಕರೆ 100 ಅಥವಾ 200 ಮೊಟ್ಟೆ ತರಲು ಹೇಳಿದೆ. ಇದು ದೊಡ್ಡವರ ಮನೆಯ ಪಟ್ಟಿ, ಸಾಮಾನ್ಯ ಸೈನಿಕನ ತಟ್ಟೆಯಲ್ಲ. ಸೈನಿಕನ ಪಾಲಿಗೆ ಧಾನ್ಯ, ಹಂದಿಯ ಕೊಬ್ಬು, ಮತ್ತು ಬಿಯರ್. ಅಟ್ರೆಕ್ಟಸ್ ಎಂಬ ಬಿಯರ್ ತಯಾರಕನ ಹೆಸರೇ ಲೆಕ್ಕದಲ್ಲಿ ಉಳಿದಿದೆ. ಹೊರಠಾಣೆಯಲ್ಲಿದ್ದ ಕುದುರೆ ಸವಾರರ ನಾಯಕ ಮಾಸ್ಕ್ಲಸ್ ತನ್ನ ಅಧಿಪತಿ ಫ್ಲೇವಿಯಸ್ ಸೆರಿಯಾಲಿಸ್‌ಗೆ ಬರೆದ ಪತ್ರವಂತೂ ನನಗೆ ಅತ್ಯಂತ ಪ್ರಿಯವಾದದ್ದು. ನಾಳೆ ನಾವು ಏನು ಮಾಡಬೇಕೆಂದು ಅಪ್ಪಣೆ ಕೊಡಿ, ಧ್ವಜದೊಂದಿಗೆ ಎಲ್ಲರೂ ಮರಳಬೇಕೇ ಅಥವಾ ಅರ್ಧ ಮಂದಿ ಸಾಕೇ ಎಂದು ಕೇಳಿ, ಕೊನೆಯಲ್ಲಿ, ನನ್ನ ಜೊತೆಗಾರರಿಗೆ ಬಿಯರ್ ಮುಗಿದಿದೆ, ದಯವಿಟ್ಟು ಕಳುಹಿಸಲು ಆಜ್ಞೆ ಮಾಡಿ ಎಂದು ಸೇರಿಸುತ್ತಾನೆ. ಮರುದಿನದ ಆದೇಶ ಹಿಂದಿನ ದಿನ ಪತ್ರದ ಮೂಲಕ ಬರುತ್ತಿತ್ತೆಂಬುದೂ ಇದರಿಂದ ತಿಳಿಯುತ್ತದೆ.

ನಮ್ಮ ಕಡೆಯ ಓದುಗರಿಗೆ ಹೇಳಲೇಬೇಕಾದದ್ದು ಇನ್ನೊಂದು ಹಲಗೆಯಲ್ಲಿದೆ. ಅದು ಸೈನಿಕರ ಹೆಸರಿನ ಮುಂದೆ ಅವರು ಕೊಂಡ ಸಾಮಾನು ಮತ್ತು ಬೆಲೆ ಬರೆದ ಲೆಕ್ಕದ ಪಟ್ಟಿ. ಅದರಲ್ಲಿ ತಪ್ಪೊನ ಮಗ ಗಂಬಾಕ್ಸ್ ಎಂಬಾತನ ಮುಂದೆ ‘ಮೆಣಸು, 2 ದೆನಾರಿಯಸ್’ ಎಂದಿದೆ. ಆ ಕಾಲದಲ್ಲಿ ರೋಮಿಗೆ ಕಾಳುಮೆಣಸು ಹೋಗುತ್ತಿದ್ದುದು ಮಲಬಾರ್ ಕರಾವಳಿಯ ಮುಝಿರಿಸ್‌ನಂತಹ ಬಂದರುಗಳಿಂದ. ಮಾನ್ಸೂನ್ ಗಾಳಿ ಹಿಡಿದು ಕೆಂಪು ಸಮುದ್ರ, ಅಲ್ಲಿಂದ ಒಂಟೆಗಳ ಮೇಲೆ ನೈಲ್ ನದಿ, ಮುಂದೆ ಅಲೆಕ್ಸಾಂಡ್ರಿಯಾ, ಮೆಡಿಟರೇನಿಯನ್ ದಾಟಿ ಆ ಕಾಳುಗಳು ಸಾಮ್ರಾಜ್ಯದ ಉತ್ತರ ತುದಿಯ ಮರದ ಕೋಟೆಯನ್ನು ತಲುಪಿವೆ. ಕೊಂಡವನು ಅಧಿಪತಿಯಲ್ಲ, ಸಾಮಾನ್ಯ ಸಿಪಾಯಿ. ಪಶ್ಚಿಮ ಘಟ್ಟದ ಮೆಣಸಿನ ಬಳ್ಳಿಗೂ ಆ ಜೌಗುನೆಲದ ಒಲೆಗೂ ನಡುವೆ ಇಷ್ಟು ಗಟ್ಟಿಯಾದ ಕೊಂಡಿ ಇದೆಯೆಂಬುದು ನನಗೆ ಇಂದಿಗೂ ಸಂಭ್ರಮದ ವಿಷಯ.

ನಿವೃತ್ತ ಹವಾಲ್ದಾರ್, ಕೊಡಗು

ಮೆಣಸಿನ ಸುದ್ದಿ ಕೇಳಿ ನಮ್ಮ ತೋಟದವರಿಗೆಲ್ಲ ಹೇಳಿದೆ. ಎರಡು ವಿಷಯ ಕೇಳಬೇಕು. ಮೊದಲನೆಯದು, ಕಣ್ಣುಬೇನೆಯವರನ್ನು ಬೇರೆಯೇ ಎಣಿಸಿರುವುದು ಏಕೆ? ಎರಡನೆಯದು ರಜೆ. ಸೈನಿಕನಿಗೆ ಊಟ ತಡವಾದರೆ ನಡೆಯುತ್ತದೆ, ರಜೆ ತಡವಾದರೆ ನಡೆಯುವುದಿಲ್ಲ. ಅವರಿಗೆ ರಜೆ ಸಿಗುತ್ತಿತ್ತೇ, ಸಂಸಾರವನ್ನು ಇಟ್ಟುಕೊಳ್ಳಲು ಅವಕಾಶವಿತ್ತೇ?

ಶಾಸನಾಸಕ್ತೆ

ಕಣ್ಣುಬೇನೆಯನ್ನು ಬೇರೆಯಾಗಿ ಎಣಿಸಿದ್ದರ ಕಾರಣ ಹಲಗೆಯಲ್ಲಿ ಬರೆದಿಲ್ಲ. ಆದರೆ ಕೋಣೆಯೊಳಗೇ ಒಲೆ ಉರಿಯುವ, ಎಂಟು ಮಂದಿ ಒತ್ತಾಗಿ ಮಲಗುವ ವಸತಿಯಲ್ಲಿ ಹೊಗೆಯೂ ಸೋಂಕೂ ಸೇರಿ ಕಣ್ಣು ಕೆಂಪಾಗುವುದು ಅಚ್ಚರಿಯಲ್ಲ. ಬ್ರಿಟನ್ ಮತ್ತು ಗಾಲ್ ಪ್ರಾಂತ್ಯಗಳಲ್ಲಿ ಕಣ್ಣಿನ ಲೇಪದ ಬಿಲ್ಲೆಗಳ ಮೇಲೆ ಔಷಧದ ಹೆಸರು ಒತ್ತುವ ಸಣ್ಣ ಕಲ್ಲಿನ ಮುದ್ರೆಗಳು ಅನೇಕ ಸಿಕ್ಕಿವೆ. ಅಂದರೆ ಅದು ಆ ಭಾಗದಲ್ಲಿ ಮನೆಮನೆಯ ಕಾಯಿಲೆಯಾಗಿತ್ತು. ಕಣ್ಣು ಕಾಣದವನನ್ನು ಪಹರೆಗೆ ಹಾಕಲಾಗದು, ಹಾಗೆಂದು ಅವನು ಹಾಸಿಗೆ ಹಿಡಿದವನೂ ಅಲ್ಲ. ಕೆಲಸ ಹಂಚುವ ಗುಮಾಸ್ತನಿಗೆ ಈ ವ್ಯತ್ಯಾಸ ಮುಖ್ಯವೆಂದು ನನಗೆ ತೋರುತ್ತದೆ.

ಸಂಸಾರದ ವಿಷಯದಲ್ಲಿ ಕಾನೂನು ಒಂದು, ನಡೆದದ್ದು ಇನ್ನೊಂದು. ಸೇವೆಯಲ್ಲಿರುವ ಸೈನಿಕನ ಮದುವೆಗೆ ಎರಡನೆಯ ಶತಮಾನದ ಕೊನೆಯವರೆಗೂ ಕಾನೂನಿನ ಮಾನ್ಯತೆ ಇರಲಿಲ್ಲ. ಆದರೆ ಮೇಲೆ ಹೇಳಿದ ಪಾದರಕ್ಷೆಗಳಲ್ಲಿ ಹೆಂಗಸರವೂ ಮಕ್ಕಳವೂ ಇವೆ. ಕೆಲವು ಸೈನಿಕರ ವಸತಿಯ ಪದರಗಳಲ್ಲಿಯೇ ಸಿಕ್ಕಿವೆ. ಗಂಡಸರ ಹಾಜರಿಪಟ್ಟಿಯಲ್ಲಿ ಎಲ್ಲಿಯೂ ಇಲ್ಲದ ಈ ಮಂದಿ ಬೀಸುವ, ಹೊಲಿಯುವ, ಒಗೆಯುವ ಕೆಲಸಗಳಲ್ಲಿ ಕೈಜೋಡಿಸದೆ ಇದ್ದಿರಲಾರರು. ಅಧಿಪತಿಗೆ ಮಾತ್ರ ಕುಟುಂಬದೊಂದಿಗೆ ಬಹಿರಂಗವಾಗಿ ಬದುಕುವ ಹಕ್ಕಿತ್ತು. ಸೆರಿಯಾಲಿಸನ ಪತ್ನಿ ಸುಲ್ಪಿಸಿಯಾ ಲೆಪಿಡಿನಾಳನ್ನು ಸೆಪ್ಟೆಂಬರ್ 11ರ ತನ್ನ ಹುಟ್ಟುಹಬ್ಬಕ್ಕೆ ಕರೆದ, ಇನ್ನೊಬ್ಬ ಅಧಿಪತಿಯ ಪತ್ನಿ ಕ್ಲಾಡಿಯಾ ಸೆವೆರಾಳ ಪತ್ರ ಹೀಗೆ ಉಳಿದದ್ದು.

ಹಬ್ಬದ ದಿನಗಳಿಗೂ ಸಾಕ್ಷಿಯಿದೆ. ಡಿಸೆಂಬರಿನ ಸ್ಯಾಟರ್ನೇಲಿಯಾ ಹಬ್ಬದ ಸಾಮಾನು ತರಲು ಗುಲಾಮನೊಬ್ಬ ಇನ್ನೊಬ್ಬನಿಗೆ ಬರೆದ ಚೀಟಿಯಲ್ಲಿ, ಅರ್ಧ ದೆನಾರಿಯಸ್‌ಗೆ ಕಡಿಮೆಯಿಲ್ಲದಷ್ಟು ಮೂಲಂಗಿ ತರಬೇಕೆಂದಿದೆ. ಕೋಟೆಯ ದಿನಚರಿಯಲ್ಲಿ ಈ ಗುಲಾಮರ ದುಡಿಮೆಯೂ ಸೇರಿದೆ. ಸೈನಿಕರನ್ನಷ್ಟೇ ಎಣಿಸಿ ಮುಗಿಸಿದರೆ ಅವರಿಗೆ ಅನ್ಯಾಯವಾಗುತ್ತದೆ.

ಇನ್ನು ರಜೆ. ಸೆರಿಯಾಲಿಸನ ಕಚೇರಿಯ ಕಾಗದಪತ್ರಗಳಲ್ಲಿ ರಜೆಯ ಅರ್ಜಿಗಳು ಒಂದಲ್ಲ, ಹಲವು. ಎಲ್ಲವೂ ಒಂದೇ ಒಕ್ಕಣೆಯವು: ‘ಒಡೆಯರೇ, ರಜೆ ಕೊಡಲು ನಾನು ಯೋಗ್ಯನೆಂದು ತಾವು ಪರಿಗಣಿಸಬೇಕೆಂದು ಬೇಡುತ್ತೇನೆ’. ಕೆಲವದರಲ್ಲಿ ಹೋಗುವ ಸ್ಥಳದ ಹೆಸರೂ ಇದೆ, ಉದಾಹರಣೆಗೆ ಅದೇ ಕೋರಿಯಾ. ಅರ್ಜಿದಾರ ಬದಲಾದರೂ ಒಕ್ಕಣೆ ಬದಲಾಗದಿರುವುದನ್ನು ನೋಡಿದರೆ ಅದಕ್ಕೊಂದು ಸಿದ್ಧ ನಮೂನೆ ಇತ್ತೆಂಬುದು ಖಚಿತ. ದಾಟಿ ಹೋಗಲು ಸಮುದ್ರವಿದ್ದುದರಿಂದ ರೈನ್ ತೀರದ ತವರಿಗೆ ಇಂತಹ ರಜೆಯಲ್ಲಿ ಹೋಗಿಬರುವ ಮಾತಿರಲಿಲ್ಲ. ಹತ್ತಿರದ ದೊಡ್ಡ ಊರಿಗೆ ಹೋಗಿ ಬರುವುದೇ ರಜೆ.

ನಿವೃತ್ತ ಹವಾಲ್ದಾರ್, ಕೊಡಗು

ಆ ಒಕ್ಕಣೆಯ ಅರ್ಜಿಗಳನ್ನು ನಾನು ಎಷ್ಟು ಮಂದಿ ಜವಾನರಿಗೆ ಬರೆದುಕೊಟ್ಟಿದ್ದೇನೋ ಲೆಕ್ಕವಿಲ್ಲ. ಮಂಜೂರಾದ ಅರ್ಜಿ ಯಾವುದು, ತಿರಸ್ಕೃತವಾದದ್ದು ಯಾವುದು ಎಂದು ಹಲಗೆಗಳ ಮೇಲೆ ಗುರುತೇನಾದರೂ ಇದೆಯೇ ಮೇಡಂ?

ಶಾಸನಾಸಕ್ತೆ

ಅಂತಹ ಗುರುತನ್ನು ನಾನು ಯಾವ ಅರ್ಜಿಯಲ್ಲಿಯೂ ಕಂಡಿಲ್ಲ ಸರ್. ಅವು ಉಳಿದದ್ದೂ ಆಕಸ್ಮಿಕವಾಗಿಯೇ. 105ರ ಸುಮಾರಿಗೆ ಬಟಾವಿಯನ್ ಪಡೆಗೆ ಡ್ಯಾನ್ಯೂಬ್ ಕಡೆಗೆ ಹೊರಡಲು ಆಜ್ಞೆಯಾದಾಗ ಬೇಡವಾದ ಕಡತಗಳನ್ನು ಬೆಂಕಿಗೆ ಹಾಕಿದರು, ಆದರೆ ರಾಶಿ ಪೂರ್ತಿ ಉರಿಯಲಿಲ್ಲ. ಕೆಲವು ಹಲಗೆಗಳ ಅಂಚು ಇಂದಿಗೂ ಕರಕಲಾಗಿದೆ.

ಚರಿತ್ರೆ ಓದುಗ

ಎಲ್ಲರಿಗೂ ಧನ್ಯವಾದಗಳು. ಮುಂದಿನ ವಾರದ ತರಗತಿಗೆ ಮೇ 18ರ ಪಟ್ಟಿಯನ್ನು ಕಪ್ಪುಹಲಗೆಯ ಮೇಲೆ ಬರೆದು, 752ರಿಂದ 265ಕ್ಕೆ ಹೇಗೆ ಬಂದೆವೆಂದು ಮಕ್ಕಳಿಂದಲೇ ಲೆಕ್ಕ ಮಾಡಿಸುತ್ತೇನೆ. ಮೆಣಸಿನ ದಾರಿಗೆ ಒಂದು ಭೂಪಟ ಬೇಕಾಗುತ್ತದೆ. ಯಾರ ಬಳಿಯಾದರೂ ಕನ್ನಡದಲ್ಲಿ ಊರುಗಳ ಹೆಸರಿರುವ ಭೂಪಟವಿದ್ದರೆ ಇಲ್ಲಿ ಹಾಕಿ.